ಕೇಸು ರದ್ದಾಯಿತು, ಹೆದರಿಕೆ ಉಳಿಯಿತು

ನಮಸ್ಕಾರ. ಇವತ್ತು ಬೀದರ್‌ನ ಒಂದು ಶಾಲಾ ನಾಟಕದ ಬಗ್ಗೆ ಮಾತಾಡಬೇಕು.

2020ರ ಜನವರಿ. ಶಾಹೀನ್ ಶಾಲೆಯ ಮಕ್ಕಳು ಪೌರತ್ವ ತಿದ್ದುಪಡಿ ಕಾಯ್ದೆ (ಸಿಎಎ) ಬಗ್ಗೆ ನಾಟಕ ಆಡಿದರು. ವಿಡಿಯೋ ಹರಿದಾಡಿತು. ದೂರು ಬಂತು, ರಾಜದ್ರೋಹದ ಕೇಸು ಬಿತ್ತು. ಮುಖ್ಯ ಶಿಕ್ಷಕಿ ಮತ್ತು ಒಬ್ಬ ವಿದ್ಯಾರ್ಥಿನಿಯ ತಾಯಿ ಜೈಲಿಗೆ ಹೋದರು. ಪೊಲೀಸರು ಶಾಲೆಗೇ ಬಂದು ಮಕ್ಕಳನ್ನು ಮತ್ತೆ ಮತ್ತೆ ವಿಚಾರಿಸಿದರು. ಅದೂ ಪೊಲೀಸ್ ಯೂನಿಫಾರ್ಮ್ ಹಾಕಿಕೊಂಡು! ಸಣ್ಣ ಸಣ್ಣ ಮಕ್ಕಳು ಅವರು. ಇದು ಸರಿಯಲ್ಲ ಅಂತ ಆಮೇಲೆ ಹೈಕೋರ್ಟೇ ಹೇಳಬೇಕಾಯಿತು.

ಶಾಲೆಯ ಆಡಳಿತದವರ ಮೇಲಿದ್ದ ಕೇಸನ್ನು ಹೈಕೋರ್ಟಿನ ಕಲಬುರಗಿ ಪೀಠ ರದ್ದು ಮಾಡಿದ್ದು 2023ರ ಜೂನ್‌ನಲ್ಲಿ. ನಾಟಕದಲ್ಲಿದ್ದ, ಪ್ರಧಾನಿಗೆ ಚಪ್ಪಲಿಯಿಂದ ಹೊಡೆಯಬೇಕು ಎಂಬಂಥ ಮಾತು ಬೇಜವಾಬ್ದಾರಿಯದ್ದು ಅಂತಲೂ ಕೋರ್ಟ್ ಹೇಳಿತು. ಒಪ್ಪುತ್ತೇನೆ. ಮಕ್ಕಳ ಬಾಯಲ್ಲಿ ಅದನ್ನು ಆಡಿಸಬಾರದಿತ್ತು. ಆದರೆ ಕೆಟ್ಟ ಮಾತು ಬೇರೆ, ರಾಜದ್ರೋಹ ಬೇರೆ ಅಲ್ವಾ? ಅಷ್ಟನ್ನು ಹೇಳಿಸಿಕೊಳ್ಳೋಕೆ ಮೂರು ವರ್ಷಕ್ಕಿಂತ ಜಾಸ್ತಿ ಬೇಕಾಯಿತು.

ನನ್ನನ್ನು ಕಾಡುವುದು ಆ ಮೂರು ವರ್ಷ. ಆ ಹೊತ್ತಿನಲ್ಲಿ ಬೇರೆ ಶಾಲೆಗಳ ಮೇಷ್ಟ್ರುಗಳು ಏನು ಕಲಿತಿರಬಹುದು? "ಇಲ್ಲದ ಉಸಾಬರಿ ನಮಗ್ಯಾಕೆ, ಸುಮ್ನೆ ಡ್ಯಾನ್ಸ್ ಮಾಡಿಸೋಣ" ಅಂತ ಅಲ್ವಾ? ಹೀಗೆ ಕೈಬಿಟ್ಟ ನಾಟಕಗಳನ್ನು ಯಾವ ಕೋರ್ಟೂ ವಾಪಸ್ ತಂದುಕೊಡಲ್ಲ.

ನಿಜಾಮರ ಕಾಲದಲ್ಲಿ ನಮ್ಮ ಕಡೆ ಸಭೆ ನಡೆಸಲು ಸರ್ಕಾರದ ಅಪ್ಪಣೆ ಬೇಕಿತ್ತು. 1948ರ ಆಗಸ್ಟ್‌ನಲ್ಲಿ, ನಿಜಾಮರ ಪರ ಇದ್ದ ಖಾಸಗಿ ಪಡೆ ರಜಾಕಾರರ ವಿರುದ್ಧ ಬರೆದ ಪತ್ರಕರ್ತ ಶೋಯೆಬುಲ್ಲಾ ಖಾನ್ ಅವರನ್ನು ಹೈದರಾಬಾದ್‌ನಲ್ಲಿ ಕೊಂದೇಬಿಟ್ಟರು. ಅಂಥ ಕಾಲ ದಾಟಿ ಬಂದ ಜನ ನಾವು. ಈಗ ಮಾತಾಡೋಕೆ ಮೊದಲೇ ಅಪ್ಪಣೆ ಬೇಕಿಲ್ಲ. ಮಾತಾಡಿದ ಮೇಲೆ ಠಾಣೆ, ವಕೀಲರ ಫೀಸು, ಜಾಮೀನು, ವಾಯಿದೆ ಮೇಲೆ ವಾಯಿದೆ.

ಹಾಗಂತ ಏನು ಬೇಕಾದರೂ ಹೇಳಬಹುದು ಅಂತಲ್ಲ. ಒಂದು ಜಾತಿಯವರನ್ನೋ ಧರ್ಮದವರನ್ನೋ ಹೊಡೆಯಿರಿ ಅಂತ ಜನರನ್ನು ಎಬ್ಬಿಸಿದರೆ ಕೇಸು ಹಾಕಲೇಬೇಕು. ಮಾತಿನ ಸ್ವಾತಂತ್ರ್ಯಕ್ಕೆ ಮಿತಿ ಹಾಕುವ ಸಂವಿಧಾನದ 19(2)ನೇ ವಿಧಿ ಅದಕ್ಕೇ ಇದೆ. ಆದರೆ ಯಾರಿಗೋ ನೋವಾಯಿತು ಅಂದ ಕೂಡಲೇ ಎಫ್‌ಐಆರ್ ಯಾಕೆ?

2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಕವಿ, ಸಂಸದ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ ದಾರಿ ತೋರಿಸಿದೆ. ಅದೂ ಒಂದು ಕವಿತೆಯ ಮೇಲೆ ಬಿದ್ದ ಕೇಸು. ಮಾತನ್ನು ಗಟ್ಟಿ ಮನಸ್ಸಿನವರ, ವಿವೇಕ ಇರುವವರ ಅಳತೆಯಲ್ಲಿ ನೋಡಬೇಕು, ಎಲ್ಲದಕ್ಕೂ ಅಂಜುವವರ ಅಳತೆಯಲ್ಲಲ್ಲ ಅಂತ ಕೋರ್ಟ್ ಹೇಳಿತು. ಮೂರರಿಂದ ಏಳು ವರ್ಷದೊಳಗೆ ಶಿಕ್ಷೆ ಇರುವ ಇಂಥ ಆರೋಪ ಬಂದರೆ, ಎಫ್‌ಐಆರ್‌ಗೆ ಮೊದಲು ಪೊಲೀಸರು ಡಿವೈಎಸ್‌ಪಿ ಅನುಮತಿ ಪಡೆದು, ಮೇಲ್ನೋಟಕ್ಕೆ ಕೇಸು ನಿಲ್ಲುತ್ತದಾ ಅಂತ 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಬಹುದು. ಮಾಡುವುದೇ ಸರಿ ಅಂದಿತು ಕೋರ್ಟ್.

ಈ ತೀರ್ಪು ಬೀದರ್, ಯಾದಗಿರಿ, ಕಲಬುರಗಿಯ ಪ್ರತಿ ಠಾಣೆಗೂ ತಲುಪಬೇಕು. ಪೋಸ್ಟ್ ಹಾಕಿದ್ದಕ್ಕೋ ನಾಟಕ ಆಡಿದ್ದಕ್ಕೋ ನಿಮ್ಮವರನ್ನು ಠಾಣೆಗೆ ಕರೆದರೆ, ಜೊತೆಗೆ ಹೋಗಿ. ಕೇಳಿ: ಪ್ರಾಥಮಿಕ ವಿಚಾರಣೆ ಆಗಿದೆಯಾ? ಆಗಿಲ್ಲ ಅಂದರೆ ಯಾಕೆ ಆಗಿಲ್ಲ?