ಅಲಿಯ ಮಾತಿಗೆ ಪಿಟೀಲು ಹಾಕಬೇಡಿ: ಗೋಡೆ ಮೇಲೆ 1971ರ ಬಿಬಿಸಿ ಸಂದರ್ಶನ

ಬನ್ನಿ, ಒಳಗೆ ಬನ್ನಿ. ಗೋಡೆ ಖಾಲಿ ಆಗಿದೆ, ಕ್ಯಾಲೆಂಡರ್ ಕೆಳಗಿಳಿದಿದೆ, ನನ್ನ ತಮ್ಮ ವೈರ್ ಎಳೆಯುತ್ತಿದ್ದಾನೆ. ಇವತ್ತು ನೋಡುವುದು ಅಮೆರಿಕದ ಬಾಕ್ಸರ್ ಮುಹಮ್ಮದ್ ಅಲಿ ಬ್ರಿಟನ್ನಿನ ಬಿಬಿಸಿ ಟಿವಿಯಲ್ಲಿ ಸಂದರ್ಶಕ ಮೈಕಲ್ ಪಾರ್ಕಿನ್ಸನ್ ಎದುರು ಕೂತು ಆಡಿದ ಮಾತು. ಮೊದಲು 1971ರದ್ದು, ಆಮೇಲೆ 1974ರದ್ದು. ಆ ವಿಡಿಯೊವನ್ನು ಇಲ್ಲಿ ಹಾಕುವ ಹಾಗಿಲ್ಲ, ಹಕ್ಕು ಬಿಬಿಸಿಯದ್ದು. ಹಾಗಾಗಿ ಕ್ಯಾಮೆರಾದಲ್ಲಿ ನೋಡುತ್ತಿರುವ ನಮ್ಮ ಮುಖ ನೋಡಿ, ಉಳಿದದ್ದನ್ನು ನಾನು ಹೇಳುತ್ತೇನೆ.

ಅದಕ್ಕೂ ಮುಂಚೆ ಈ ಪ್ರೊಜೆಕ್ಟರ್ ವಿಷಯ. ಒಂದು ಸಂಜೆಗೆ ಬಾಡಿಗೆ 800 ರೂಪಾಯಿ. ಸರಿ, ಕೊಟ್ಟಾಯಿತು. ಕೇಬಲ್‌ಗೆ ಬೇರೆ 150! ಕೇಬಲ್ ಇಲ್ಲದ ಪ್ರೊಜೆಕ್ಟರ್ ತಂದು ಯಾರಾದರೂ ಏನು ಮಾಡುತ್ತಾರೆ? ರಿಮೋಟ್ ಕೇಳಿದರೆ "ಬೇಕಾಗಲ್ಲ ಬಿಡಿ" ಅಂದರು. ಬೇಕಾಯಿತು. ಗೋಡೆ ನೋಡಿ. ಚಿತ್ರ ಅಡ್ಡಡ್ಡ ಹಿಗ್ಗಿಹೋಗಿದೆ. ಆ ಕಾಲದ ಟಿವಿ ಚೌಕಟ್ಟು 4:3, ಹೆಚ್ಚುಕಮ್ಮಿ ಚೌಕ. ಈ ಯಂತ್ರ ಅದನ್ನು ಎಳೆದು 16:9 ಮಾಡುತ್ತದೆ. ಅದನ್ನು ನಿಲ್ಲಿಸುವ ಬಟನ್ ಇರುವುದು ರಿಮೋಟ್‌ನಲ್ಲಿ ಮಾತ್ರ. ತಾನೇ ಎಲ್ಲರಿಗಿಂತ ಚೆಂದ ಅಂತ ಜೀವನವಿಡೀ ಹೇಳಿಕೊಂಡ ಮನುಷ್ಯನ ಮುಖ ಇದು. ಅದನ್ನು ಹೀಗೆ ಚಪ್ಪಟೆ ಮಾಡಿ ನೋಡಬೇಕಾ? ಲ್ಯಾಪ್‌ಟಾಪ್‌ನಲ್ಲೇ ಅಳತೆ ಬದಲಿಸಿ ಸರಿ ಮಾಡಿದೆವು. ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ, ಬರಲಿ.

ಪ್ರೊಜೆಕ್ಟರ್ ಆದರೂ ಯಂತ್ರ. ಮನುಷ್ಯರೇ ಇದನ್ನು ಮಾಡಿದರೆ ನನಗೆ ಜಾಸ್ತಿ ಸಿಟ್ಟು. ಇದೇ ಸಂದರ್ಶನದ ತುಂಡುಗಳು ಫೋನ್‌ಗಳಲ್ಲಿ ಓಡಾಡುತ್ತಿವೆ, ನೀವೂ ನೋಡಿರುತ್ತೀರಿ. ಮೇಲೆ ಕೆಳಗೆ ಕತ್ತರಿಸಿರುತ್ತಾರೆ. ಹಿಂದೆ ಒಂದು ಪಿಟೀಲು ಅಳುತ್ತಿರುತ್ತದೆ. ಅಲಿ ಮಾತು ನಿಲ್ಲಿಸಿ, ಕಣ್ಣು ಅಗಲ ಮಾಡಿ, ಜನ ನಗುವುದನ್ನು ಕಾಯುತ್ತಾನಲ್ಲ, ಆ ಜಾಗವನ್ನೇ ಕಿತ್ತುಹಾಕಿರುತ್ತಾರೆ. ಅವನ ಮಾತಿನ ತಾಳ ಇರುವುದೇ ಅಲ್ಲಿ. ಆಗೆಲ್ಲ ಟೇಪ್ ದುಬಾರಿ ಅಂತ ಬಿಬಿಸಿ ಎಷ್ಟೋ ಕಾರ್ಯಕ್ರಮಗಳನ್ನು ಅಳಿಸಿ, ಅದೇ ಟೇಪ್ ಮೇಲೆ ಬೇರೆ ಏನೋ ತುಂಬಿತು. ಇದು ಉಳಿದದ್ದೇ ನಮ್ಮ ಅದೃಷ್ಟ. ಉಳಿದದ್ದನ್ನು ಹೀಗೆ ಕೊಚ್ಚಬೇಕಾ?

ಸರಿ, ಶುರುವಾಯಿತು. ಬಣ್ಣದಲ್ಲೇ ಇದೆ ನೋಡಿ. ಅಲಿಗೆ ಆಗ 29 ವರ್ಷ. ಅವನು ಆಗ ಚಾಂಪಿಯನ್ ಅಲ್ಲ, ಇದನ್ನು ನೆನಪಿಡಿ. ವಿಯೆಟ್ನಾಂ ಯುದ್ಧಕ್ಕೆ ಹೋಗಲ್ಲ ಅಂದದ್ದಕ್ಕೆ 1967ರಲ್ಲಿ ಪಟ್ಟ ಕಿತ್ತುಕೊಂಡರು. ಮೂರು ವರ್ಷಕ್ಕಿಂತ ಜಾಸ್ತಿ ರಿಂಗ್‌ಗೆ ಇಳಿಯಲು ಬಿಡಲಿಲ್ಲ. 1971ರ ಮಾರ್ಚ್ 8ರಂದು ನ್ಯೂಯಾರ್ಕ್‌ನಲ್ಲಿ ಆಗಿನ ಚಾಂಪಿಯನ್ ಜೋ ಫ್ರೇಜಿಯರ್ ಎದುರು 15 ಸುತ್ತು ಆಡಿ ಸೋತ. ಜೂನ್‌ನಲ್ಲಿ ಯುದ್ಧಕ್ಕೆ ಹೋಗಲ್ಲ ಅಂದದ್ದಕ್ಕೆ ಬಿದ್ದಿದ್ದ ಶಿಕ್ಷೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಇಷ್ಟೆಲ್ಲ ಆದಮೇಲೆ ಬಂದು ಕೂತಿದ್ದಾನೆ. ಸೋತವನ ಹಾಗೆ ಕಾಣಿಸುತ್ತಾನಾ, ಹೇಳಿ?

ಈಗ ತಮ್ಮ ನಗುತ್ತಿರುವುದು ಟಾರ್ಜನ್ ಮಾತಿಗೆ. ಚಿಕ್ಕವನಿದ್ದಾಗ ಅಮ್ಮನನ್ನು ಕೇಳುತ್ತಿದ್ದನಂತೆ, ಎಲ್ಲವೂ ಯಾಕೆ ಬಿಳಿ ಅಂತ. ಏಸು ಬಿಳಿ, ದೇವದೂತರು ಬಿಳಿ. ಆಫ್ರಿಕಾದ ಕಾಡಿನ ರಾಜ ಟಾರ್ಜನ್, ಅವನೂ ಬಿಳಿ. ತಲೆತಲಾಂತರದಿಂದ ಅಲ್ಲೇ ಇರುವ ಆಫ್ರಿಕನ್ನರಿಗೆ ಪ್ರಾಣಿಗಳ ಜೊತೆ ಮಾತಾಡಲು ಬರಲ್ಲ, ಇವನಿಗೆ ಮಾತ್ರ ಬರುತ್ತದೆ! ಸ್ಟುಡಿಯೊ ಇಡೀ ನಗುತ್ತದೆ. ಆ ನಗುವಿನ ಬೆನ್ನಿಗೇ ಇನ್ನೊಂದು ಕಥೆ. ರೋಮ್‌ನಲ್ಲಿ 1960ರ ಒಲಿಂಪಿಕ್ ಚಿನ್ನ ಗೆದ್ದು ತನ್ನೂರು ಲೂಯಿವಿಲ್‌ಗೆ ಬಂದರೆ, ಅಲ್ಲಿನ ಹೋಟೆಲ್‌ನಲ್ಲಿ ಕರಿಯರಿಗೆ ಊಟ ಇಲ್ಲ. ಅದನ್ನೂ ನಗಿಸುತ್ತಲೇ ಹೇಳುತ್ತಾನೆ. ನಕ್ಕವರೇ ಕೂತಲ್ಲಿ ಮುಜುಗರಪಡಬೇಕು, ಹಾಗೆ ಹೇಳುತ್ತಾನೆ.

ತುಂಡು ಮಾಡುವವರು ಬಿಟ್ಟುಬಿಡುವ ಭಾಗ ಈಗ ಬರುತ್ತದೆ. ನೀಲಿ ಹಕ್ಕಿ ನೀಲಿ ಹಕ್ಕಿ ಜೊತೆ, ಕೆಂಪು ಹಕ್ಕಿ ಕೆಂಪು ಹಕ್ಕಿ ಜೊತೆ, ಹಾಗೇ ಮನುಷ್ಯರೂ ತಮ್ಮವರಲ್ಲೇ ಮದುವೆಯಾಗಬೇಕು ಅನ್ನುತ್ತಾನೆ. ನನಗೆ ಇದು ಒಪ್ಪಿಗೆಯಿಲ್ಲ, ಸ್ವಲ್ಪವೂ ಇಲ್ಲ. ಜಾತಿ ನೋಡಿ ಮದುವೆ ಮಾಡುವ ಊರಲ್ಲಿ ಬೆಳೆದವರಿಗೆ ಈ ವಾದ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ಗೊತ್ತು. ಆದರೆ ಇದನ್ನು ಕತ್ತರಿಸಿದರೆ ಉಳಿಯುವುದು ಬರೀ ಪೋಸ್ಟರ್, ಅಲಿ ಅಲ್ಲ. ಪಾರ್ಕಿನ್ಸನ್ ಇಲ್ಲಿ ಇನ್ನೂ ಗಟ್ಟಿಯಾಗಿ ಪಟ್ಟು ಹಿಡಿಯಬೇಕಿತ್ತು ಅಂತ ನನಗೆ ಅನಿಸುತ್ತದೆ.

ಅಂದಹಾಗೆ ಅಲಿ 1980ರಲ್ಲಿ ನಮ್ಮ ಪಕ್ಕದ ಮದ್ರಾಸ್‌ಗೇ ಬಂದಿದ್ದ, ಗೊತ್ತಾ? ಹಳೆಯ ಗೆಳೆಯ ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿದ. ಎಲ್ಲಿಸ್ ಕೂಡ ಲೂಯಿವಿಲ್‌ನವನೇ, ಅವನೂ ಒಂದು ಕಾಲದಲ್ಲಿ... ಇರಿ ಇರಿ, 1974ರದ್ದು ಶುರುವಾಗಿಬಿಟ್ಟಿತು.

ಈಗ ಚಾಂಪಿಯನ್. ಅಕ್ಟೋಬರ್ 30ರಂದು ಆಫ್ರಿಕಾದ ಕಿನ್ಶಾಸಾದಲ್ಲಿ ಆಗಿನ ಚಾಂಪಿಯನ್ ಜಾರ್ಜ್ ಫೋರ್ಮನ್‌ನನ್ನು ಎಂಟನೇ ಸುತ್ತಿನಲ್ಲಿ ಕೆಡವಿ ಬಂದಿದ್ದಾನೆ. ಪಾರ್ಕಿನ್ಸನ್ ಅಲಿಯ ಬಗ್ಗೆ ಬಂದಿದ್ದ ಪುಸ್ತಕದ ಮಾತೊಂದನ್ನು ತೆಗೆಯುತ್ತಾನೆ. ಬಿಳಿಯರನ್ನು ಬೈಯುತ್ತೀಯ, ನಿನ್ನ ಸುತ್ತ ಬಿಳಿಯ ಗೆಳೆಯರೂ ಇದ್ದಾರಲ್ಲ ಅನ್ನುವ ದಾರಿಯ ಪ್ರಶ್ನೆ. ಅಲಿ ಕೆರಳುತ್ತಾನೆ ನೋಡಿ. ಇದು ಬಲೆ, ನನ್ನನ್ನು ಟಿವಿಯಲ್ಲಿ ಮೂಲೆಗೆ ತಳ್ಳುವಷ್ಟು ಬುದ್ಧಿ ನಿನಗಿಲ್ಲ ಅನ್ನುತ್ತಾನೆ. ಇಲ್ಲಿ ತಮಾಷೆ ಇಲ್ಲ. ಯಾರ್ಕ್‌ಷೈರಿನ ಗಣಿ ಕಾರ್ಮಿಕನ ಮಗ ಪಾರ್ಕಿನ್ಸನ್ ಕುರ್ಚಿ ಬಿಟ್ಟು ಕದಲುವುದಿಲ್ಲ, ಬೈಸಿಕೊಳ್ಳುತ್ತಾ ಕೇಳಿಸಿಕೊಳ್ಳುತ್ತಾನೆ. ಪಟ್ಟು ಹಿಡಿಯಬೇಕಿತ್ತು ಅಂದೆನಲ್ಲ, ಹಿಡಿದರೆ ಏನಾಗುತ್ತದೆ ಅಂತ ಇದು ತೋರಿಸುತ್ತದೆ. ಇಷ್ಟು ಹೊತ್ತು 1971ರದ್ದೇ ಒಳ್ಳೆಯದು ಅನಿಸಿತ್ತು. ಈಗ ಇಲ್ಲ, 1974ರದ್ದೇ ದೊಡ್ಡದು. ಅಲಿಯ ಸಿಟ್ಟು ನಿಜ, ಆ ಪ್ರಶ್ನೆಯೂ ನ್ಯಾಯವೇ.

1981ರದ್ದೂ ಒಂದಿದೆ. ಲ್ಯಾರಿ ಹೋಮ್ಸ್ ಎದುರು ಹೊಡೆತ ತಿಂದು ಸೋತ ಕೆಲವೇ ತಿಂಗಳಿಗೆ ಆಡಿದ ಮಾತು, ದನಿ ನಿಧಾನ ಆಗಿದೆ. ಅದನ್ನು ಇವತ್ತು ಹಾಕಲ್ಲ. ನನಗೆ ಈಗ ಇವನ ಜೋರು ದನಿಯೇ ಬೇಕು.

ಪ್ರೊಜೆಕ್ಟರ್ ಒಂಬತ್ತಕ್ಕೆ ವಾಪಸ್ ಕೊಡಬೇಕು. ತಮ್ಮ ಆ ಪುಸ್ತಕದ ಜಾಗದಿಂದ ಮತ್ತೆ ಹಾಕು ಅನ್ನುತ್ತಿದ್ದಾನೆ. ಟೈಮ್ ಇದೆ, ಹಾಕುತ್ತೇವೆ. ಕ್ಯಾಮೆರಾ ಆಫ್ ಮಾಡುತ್ತೇನೆ. ನೀವು ನೋಡುವುದಾದರೆ ಪೂರ್ತಿಯದ್ದನ್ನೇ ಹುಡುಕಿ, ಪಿಟೀಲು ಇಲ್ಲದ್ದು.