ರಕ್ತದಲ್ಲಿ ಸಕ್ಕರೆಯ ಹೊಳೆ, ಹೃದಯದಲ್ಲಿ ಕೊಬ್ಬಿನ ಒಲೆ

[ದೃಶ್ಯ: ಗ್ಲುಕೋಮೀಟರ್ ಪರದೆ. ಅಂಕಿ 140.]

"ಶುಗರ್ ಕಂಟ್ರೋಲಲ್ಲಿದೆ, ಇನ್ನೇನು ಭಯ ಇಲ್ಲ." ನಮ್ಮ ಮನೆಗಳಲ್ಲಿ ದಿನಾ ಕೇಳೋ ಮಾತು. ಆದ್ರೆ ಈ ಪುಟ್ಟ ಯಂತ್ರ ಹೇಳೋದು ರಕ್ತದಲ್ಲಿ ಎಷ್ಟು ಸಕ್ಕರೆ ಇದೆ ಅಂತ ಅಷ್ಟೇ. ಹೃದಯ ಏನನ್ನ ಉರಿಸ್ತಾ ಇದೆ ಅನ್ನೋದು ಅದಕ್ಕೆ ಗೊತ್ತಾಗಲ್ಲ. ಇವತ್ತಿನ ಕತೆ ಆ ಉರುವಲಿನದು.

[ದೃಶ್ಯ: ಬಡಿಯುವ ಹೃದಯ]

ದಿನಕ್ಕೆ ಸುಮಾರು 1 ಲಕ್ಷ ಸಲ ಬಡಿಯೋ ಹೃದಯಕ್ಕೆ ಕೂಡಿಡೋ ಅಭ್ಯಾಸ ಇಲ್ಲ. ಕೈಯಲ್ಲಿರೋ ಎಟಿಪಿ, ಅಂದ್ರೆ ಕೋಶ ಖರ್ಚು ಮಾಡೋ ಶಕ್ತಿಯ ಚಿಲ್ಲರೆ, ಕೆಲವೇ ಸೆಕೆಂಡಿಗೆ ಮುಗಿಯತ್ತೆ. ಹಾಗಾಗಿ ಸಿಕ್ಕಿದ್ದನ್ನ ಉರಿಸತ್ತೆ: ಕೊಬ್ಬಿನಾಮ್ಲ, ಗ್ಲುಕೋಸ್, ಲ್ಯಾಕ್ಟೇಟ್, ಕೀಟೋನ್ (ಕೊಬ್ಬಿನಿಂದ ಲಿವರ್ ತಯಾರಿಸೋ ಉರುವಲು). ಆರೋಗ್ಯವಾಗಿರೋ ಹೃದಯದಲ್ಲೂ ಅರ್ಧಕ್ಕಿಂತ ಹೆಚ್ಚು ಶಕ್ತಿ ಬರೋದು ಕೊಬ್ಬಿನಿಂದಲೇ. ಊಟ ಆಗಿ ಇನ್ಸುಲಿನ್ ಏರಿದಾಗ ಗ್ಲುಕೋಸ್ ಕಡೆ ಹೊರಳತ್ತೆ. ಸೌದೆ ಒಲೆಯೂ ಇದೆ, ಗ್ಯಾಸೂ ಇದೆ ಅನ್ನೋ ಅಡುಗೆಮನೆ ಅಂದ್ಕೊಳ್ಳಿ. ಹೃದಯದ ಬಲ ಇರೋದೇ ಈ ಹೊರಳುವಿಕೆಯಲ್ಲಿ.

ಡಯಾಬಿಟಿಸ್ ಕಿತ್ಕೊಳ್ಳೋದು ಇದನ್ನೇ. ಇನ್ಸುಲಿನ್ ಮಾತು ನಡೆಯದಿದ್ದಾಗ ಕೊಬ್ಬಿನ ಕೋಶಗಳು ರಕ್ತಕ್ಕೆ ಕೊಬ್ಬಿನಾಮ್ಲ ಸುರೀತಾನೇ ಇರ್ತವೆ. ಇತ್ತ ಹೃದಯದ ಕೋಶದಲ್ಲಿ ಗ್ಲುಕೋಸನ್ನ ಒಳಗೆ ಬಿಡೋ ಬಾಗಿಲು, ಗ್ಲಟ್-4, ಕಡಿಮೆ ಆಗತ್ತೆ. ಒಳಗೆ ಬಂದ ಚೂರುಪಾರಿಗೂ ತಡೆ. ಕೊಬ್ಬು ಉರಿಯೋವಾಗ ಗ್ಲುಕೋಸ್ ಉರಿಯೋದಕ್ಕೆ ಅಡ್ಡಿ ಆಗತ್ತೆ ಅಂತ ಬ್ರಿಟನ್ನಿನ ಫಿಲಿಪ್ ರ‍್ಯಾಂಡಲ್ ಮತ್ತು ಅವರ ಸಂಗಡಿಗರು 1963ರಲ್ಲೇ ತೋರಿಸಿದ್ರು. ಹೊಳೆಯಲ್ಲಿ ನಿಂತು ಬಾಯಾರಿದ ಹಾಗೆ, ಸುತ್ತ ಸಕ್ಕರೆ ಇದ್ದರೂ ಹೃದಯಕ್ಕೆ ದಕ್ಕೋದು ಕೊಬ್ಬೇ.

[ದೃಶ್ಯ: ಡಿಎನ್‌ಎ ಸುರುಳಿ, ಅದರ ಮೇಲೊಂದು ಸ್ವಿಚ್ಚು]

ಇಲ್ಲಿ ಜೀನ್‌ಗಳ ಪ್ರವೇಶ. ಕೊಬ್ಬಿನಾಮ್ಲ ಬರೀ ಸೌದೆ ಅಲ್ಲ, ಕೀಲಿಯೂ ಹೌದು. ಕೋಶದ ನ್ಯೂಕ್ಲಿಯಸ್ಸಿನಲ್ಲಿರೋ ಪಿಪಿಎಆರ್-ಆಲ್ಫಾ ಅನ್ನೋ ಪ್ರೋಟೀನಿಗೆ ಅಂಟಿಕೊಂಡು, ಕೊಬ್ಬು ಉರಿಸೋ ಎಂಜೈಮ್‌ಗಳ ಜೀನ್‌ಗಳನ್ನ ಆನ್ ಮಾಡತ್ತೆ. ಜೊತೆಗೆ ಪಿಡಿಕೆ-4 ಜೀನೂ ಆನ್ ಆಗತ್ತೆ. ಅದರ ಕೆಲಸ, ಗ್ಲುಕೋಸಿನಿಂದ ಬಂದ ಪೈರುವೇಟ್, ಕೋಶದ ಒಲೆಯಾದ ಮೈಟೋಕಾಂಡ್ರಿಯದಲ್ಲಿ ಉರಿಯದ ಹಾಗೆ ಅಗುಳಿ ಹಾಕೋದು. ಅಂದ್ರೆ ಅಡುಗೆಮನೆಯನ್ನ ಒಡೆದು, ಸೌದೆ ಒಲೆ ಒಂದನ್ನೇ ಇಟ್ಟು ಮತ್ತೆ ಕಟ್ಟಿದ ಹಾಗೆ. 2002ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಹೃದಯದಲ್ಲಿ ಮಾತ್ರ ಈ ಪಿಪಿಎಆರ್-ಆಲ್ಫಾ ಹೆಚ್ಚಿಸಿದ ಇಲಿಗಳನ್ನ ಬೆಳೆಸಿದ್ರು. ಅವಕ್ಕೆ ಡಯಾಬಿಟಿಸ್ ಇರಲಿಲ್ಲ, ಹೃದಯ ಮಾತ್ರ ಡಯಾಬಿಟಿಸ್ ಬಂದ ಹೃದಯದ ಹಾಗೇ ಆಗೋಯ್ತು.

ಕೊಬ್ಬು ಉರಿದ್ರೆ ನಷ್ಟ ಏನು? ಅಷ್ಟೇ ಎಟಿಪಿಗೆ ಹೆಚ್ಚು ಆಮ್ಲಜನಕ ಬೇಕು. ಉರಿಯದೆ ಉಳಿದ ಕೊಬ್ಬು ಸೆರಮೈಡ್‌ನಂಥ ವಿಷವಾಗಿ ಕೂರತ್ತೆ. ಬಡಿತದ ನಡುವೆ ಹೃದಯ ಸಡಿಲ ಆಗೋದು ನಿಧಾನ ಆಗತ್ತೆ. ರಕ್ತನಾಳದಲ್ಲಿ ಬ್ಲಾಕ್ ಇಲ್ಲದಿದ್ದರೂ ಡಯಾಬಿಟಿಸ್ ಇರೋರ ಹೃದಯ ಸೋಲಬಹುದು ಅಂತ 1972ರಲ್ಲಿ ರುಬ್ಲರ್ ಮತ್ತು ಸಂಗಡಿಗರು ವರದಿ ಮಾಡಿದ್ದು ಬರೀ ನಾಲ್ಕು ಜನರನ್ನ ನೋಡಿ.

ಸಮಾಧಾನದ ಸಂಗತಿನೂ ಇದೆ. 1980ರಲ್ಲಿ ಡಯಾಬಿಟಿಸ್ ಬರಿಸಿದ ಇಲಿಗಳ ಹೃದಯದಲ್ಲಿ ವೇಗದ ಮಯೋಸಿನ್ (ಸ್ನಾಯುವನ್ನ ಎಳೆಯೋ ಪ್ರೋಟೀನ್) ಹೋಗಿ ನಿಧಾನದ ಮಯೋಸಿನ್ ಬಂದಿದ್ದು ಕಂಡಿತ್ತು. ಇನ್ಸುಲಿನ್ ಕೊಟ್ಟಾಗ ವೇಗದ್ದು ವಾಪಸ್ ಬಂತು! (ನಮ್ಮ ಹೃದಯದಲ್ಲಿ ಮೊದಲಿಂದಲೂ ನಿಧಾನದ್ದೇ ಹೆಚ್ಚು. ಇಲಿಯ ಕತೆಯನ್ನ ಹಾಗೇ ನಮಗೆ ಅಂಟಿಸಬೇಡಿ.)

[ದೃಶ್ಯ: ಮಾತ್ರೆಗಳು]

ಹಾಗಾದ್ರೆ ಸಕ್ಕರೆ ಇಳಿಸೋ ಎಲ್ಲಾ ಔಷಧಿಯೂ ಹೃದಯಕ್ಕೆ ಒಳ್ಳೇದಾ? ರೊಸಿಗ್ಲಿಟಜೋನ್ ನೋಡಿ. ಅದು ನೇರವಾಗಿ ಪಿಪಿಎಆರ್-ಗಾಮಾ ಅನ್ನೋ ಜೀನ್ ಸ್ವಿಚ್ಚನ್ನೇ ಒತ್ತತ್ತೆ. ಸಕ್ಕರೆ ಚೆನ್ನಾಗೇ ಇಳೀತು. ಆದ್ರೆ ಮೈಯಲ್ಲಿ ಉಪ್ಪು, ನೀರು ನಿಂತು ಹಾರ್ಟ್ ಫೇಲ್ಯೂರ್ (ಹೃದಯ ಬೇಕಾದಷ್ಟು ರಕ್ತ ತಳ್ಳಲಾರದ ಸ್ಥಿತಿ) ಹೆಚ್ಚಾಯ್ತು. 2007ರಲ್ಲಿ ಹೃದಯಾಘಾತದ ಅನುಮಾನವೂ ಎದ್ದು, 2010ರಲ್ಲಿ ಭಾರತ ಅದನ್ನ ನಿಷೇಧಿಸ್ತು. ಆ ಅನುಮಾನ ಆಮೇಲೆ ತಗ್ಗಿತು, ನೀರು ನಿಲ್ಲೋ ತೊಂದರೆ ಮಾತ್ರ ನಿಜವೇ. ಈ ಗಲಾಟೆಯಿಂದಾಗಿ 2008ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಡಯಾಬಿಟಿಸಿನ ಹೊಸ ಔಷಧಿಗಳೆಲ್ಲ ಹೃದಯದ ವಿಷಯದಲ್ಲೂ ಸುರಕ್ಷಿತ ಅಂತ ತೋರಿಸಬೇಕು ಅಂತು.

ಆ ಪರೀಕ್ಷೆಯಲ್ಲೇ ಯಾರೂ ನಿರೀಕ್ಷಿಸದ ಫಲ ಸಿಕ್ತು. ಎಂಪಾಗ್ಲಿಫ್ಲೋಜಿನ್ ಸಕ್ಕರೆಯನ್ನ ಮೂತ್ರದಲ್ಲಿ ಹೊರಗೆ ಹಾಕೋ ಮಾತ್ರೆ. 2015ರ ಎಂಪಾ-ರೆಗ್ ಅಧ್ಯಯನದಲ್ಲಿ, ಮೊದಲೇ ಹೃದಯರೋಗವಿದ್ದ ಡಯಾಬಿಟಿಸ್ ರೋಗಿಗಳಲ್ಲಿ ಹೃದಯ, ರಕ್ತನಾಳದ ಕಾಯಿಲೆಯ ಸಾವು ಶೇ 38ರಷ್ಟು ಕಡಿಮೆ ಆಯ್ತು. ಸಕ್ಕರೆ ಇಳಿದಿದ್ದು ಸ್ವಲ್ಪವೇ! 2019ರ ಡಾಪಾ-ಎಚ್‌ಎಫ್‌ನಲ್ಲಂತೂ ಅದೇ ಗುಂಪಿನ ಡಾಪಾಗ್ಲಿಫ್ಲೋಜಿನ್, ಡಯಾಬಿಟಿಸ್ಸೇ ಇಲ್ಲದ ಹಾರ್ಟ್ ಫೇಲ್ಯೂರ್ ರೋಗಿಗಳಿಗೂ ಕೆಲಸ ಮಾಡ್ತು.

ಹೇಗೆ? ಸಕ್ಕರೆಯನ್ನ ವಾಪಸ್ ರಕ್ತಕ್ಕೆ ಎಳ್ಕೊಳ್ಳೋ, ಈ ಮಾತ್ರೆ ತಡೆ ಹಿಡಿಯೋ ಪ್ರೋಟೀನ್ ಎಸ್‌ಜಿಎಲ್‌ಟಿ-2 ಇರೋದು ಮೂತ್ರಪಿಂಡದಲ್ಲಿ, ಹೃದಯದಲ್ಲಿ ಅಲ್ಲ. ಉಪ್ಪು-ನೀರಿನ ಭಾರ ಇಳಿಯೋದು ಒಂದು ವಿವರಣೆ. ರಕ್ತದಲ್ಲಿ ಸ್ವಲ್ಪ ಏರೋ ಕೀಟೋನ್, ದಣಿದ ಹೃದಯಕ್ಕೆ ಮಿತವ್ಯಯದ ಉರುವಲಾಗತ್ತೆ ಅನ್ನೋದು ಇನ್ನೊಂದು. ಎರಡನೇದು ನನಗೆ ಇಷ್ಟ, ಆದ್ರೆ ತಜ್ಞರ ಜಗಳ ಇನ್ನೂ ಮುಗಿದಿಲ್ಲ.

[ದೃಶ್ಯ: ಮತ್ತೆ ಗ್ಲುಕೋಮೀಟರ್]

ಈ ಮಾತ್ರೆಗಳ ಪೇಟೆಂಟ್ ಮುಗಿದು ಈಗ ಭಾರತದಲ್ಲಿ ಬೆಲೆ ಇಳಿದಿದೆ, ತಗೊಳ್ಳೋರೂ ಹೆಚ್ಚು. ಹಾಗಾಗಿ ಇದನ್ನ ಕೇಳಿಸ್ಕೊಳ್ಳಿ. ವಾಂತಿ, ಕಟ್ಟುನಿಟ್ಟಿನ ಉಪವಾಸ, ಆಪರೇಷನ್, ಇಂಥ ದಿನಗಳಲ್ಲಿ ಕೀಟೋನ್ ಮಿತಿ ಮೀರಿ ರಕ್ತ ಆಮ್ಲ ಆಗಬಹುದು. ಅಂಥ ದಿನ ಬರೋ ಮುಂಚೆನೇ, ಮಾತ್ರೆ ಯಾವಾಗ ನಿಲ್ಲಿಸಬೇಕು ಅಂತ ಡಾಕ್ಟರನ್ನ ಕೇಳಿಟ್ಕೊಳ್ಳಿ. ಯಾಕಂದ್ರೆ ಹೊಟ್ಟೆನೋವು, ಏದುಸಿರು ಬಂದು ಆಸ್ಪತ್ರೆಗೆ ಓಡೋ ಹೊತ್ತಲ್ಲೂ ಈ ಯಂತ್ರ 140 ಅಂತಾನೇ ತೋರಿಸ್ತಾ ಇರಬಹುದು.