ಖಾಲಿ ಬಂದ ರೇಕನ್ನೂ ಬರೆದಿಡಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತವರಲ್ಲಿ ಬಹಳ ಮಂದಿ ಮುಂದಿನ ಋತುವಿಗೆ ನದಿಯ ಜಲಸಸ್ಯ ಸಮೀಕ್ಷೆಗೆಂದು ದೋಣಿ ಹತ್ತುವವರು. ಹಾಗಾಗಿ ಜಲಸಸ್ಯಗಳು ನದಿಗೆ ಯಾಕೆ ಬೇಕು ಎಂಬ ಪೀಠಿಕೆ ಬಿಟ್ಟು ನೇರ ವಿಷಯಕ್ಕೆ ಬರುತ್ತೇನೆ: ರೇಕಿಗೆ, ಅಂದರೆ ತಳದ ಗಿಡ ಬಾಚಿ ಎತ್ತುವ ಹಲ್ಲಿನ ಕೋಲಿಗೆ, ಗಿಡ ಸಿಗದ ಜಾಗದ ಹಾಳೆಯನ್ನು ದಯವಿಟ್ಟು ಎಸೆಯಬೇಡಿ.

ನದಿಯಲ್ಲಿ ಗೊತ್ತುಮಾಡಿದ ನೂರು ಬಿಂದುಗಳಿಗೆ ಹೋಗಿ ಮೂವತ್ತರಲ್ಲಿ ವ್ಯಾಲಿಸ್ನೇರಿಯಾ ಎಂಬ ನೀರಡಿಯ ಗಿಡ ಸಿಕ್ಕಿತು ಅನ್ನಿ. ಲೆಕ್ಕ ಶೇ. 30. ಸಿಕ್ಕ ಹಾಳೆಗಳನ್ನಷ್ಟೇ ಉಳಿಸಿಕೊಂಡರೆ ಶೇ. 100! ಮರುವರ್ಷ ಹದಿನೈದಕ್ಕೇ ಇಳಿದರೂ ಶೇ. 100. ನದಿ ಬರಿದಾಗುತ್ತಿದ್ದರೂ ಕೋಷ್ಟಕಕ್ಕೆ ಸುದ್ದಿಯೇ ಇಲ್ಲ. ಅದಕ್ಕೇ ಬಿಂದುಗಳನ್ನು ನಿಮ್ಮ ಕಣ್ಣು ಆರಿಸಬಾರದು. ನದಿಯನ್ನು ಮುಖ್ಯ ಹರಿವು, ಪಕ್ಕದ ಕವಲು, ಹಿನ್ನೀರು ಎಂದು ಮೊದಲೇ ವಿಂಗಡಿಸಿ, ಒಂದೊಂದರೊಳಗೆ ಚೀಟಿ ಎತ್ತಿದಂತೆ ಬಿಂದು ತೆಗೆಯಿರಿ. ಮಿಸಿಸಿಪ್ಪಿಯ ಮೇಲ್ಭಾಗದಲ್ಲಿ 1998ರಿಂದ ನಡೆಯುತ್ತಿರುವ ಸಸ್ಯ ಸಮೀಕ್ಷೆ ಈ ಬಗೆಯದೇ. ಹಸಿರು ಕಂಡತ್ತ ದೋಣಿ ತಿರುಗಿಸುವ ಚಪಲ ಎಲ್ಲರಿಗೂ ಇರುತ್ತದೆ, ಪ್ರೊಫೆಸರರಿಗೆ ಸ್ವಲ್ಪ ಜಾಸ್ತಿ.

ಬಿಂದು ತಲುಪಿದ ಮೇಲೆ ಎಂಜಿನ್ ನಿಲ್ಲಿಸಿ, ಮುಂದೆ ಹಿಂದೆ ಎರಡೂ ಕಡೆ ಲಂಗರು ಹಾಕಿ. ಕೆಸರೇಳುವ ಮೊದಲೇ, ನೀರು ಎಷ್ಟು ತಿಳಿಯಾಗಿದೆ ಎಂದು ತಿಳಿಸುವ ಸೆಕ್ಕಿ ತಟ್ಟೆಯ ಅಳತೆ ಮುಗಿಸಿ. ಈ ತಟ್ಟೆಯ ಕಥೆ ಹೇಳದೆ ಮುಂದೆ ಹೋಗಲಾರೆ. ಆಂಜೆಲೊ ಸೆಕ್ಕಿ ಪಾದ್ರಿ, ಖಗೋಳ ವಿಜ್ಞಾನಿ. ನಕ್ಷತ್ರಗಳನ್ನು ಅವುಗಳ ಬೆಳಕಿನ ವರ್ಣಪಟಲ ನೋಡಿ ವಿಂಗಡಿಸಿದವರು. 1865ರಲ್ಲಿ ಪೋಪರ ನೌಕಾಪಡೆಯ ಮುಖ್ಯಸ್ಥ ಚಾಲ್ದಿ, ಸೆಕ್ಕಿಯವರನ್ನು ಮೆಡಿಟರೇನಿಯನ್ ಸಮುದ್ರಕ್ಕೆ ಕರೆದೊಯ್ದರು. ಬಿಳಿ ತಟ್ಟೆ ಇಳಿಸಿ ಎಲ್ಲಿ ಮರೆಯಾಗುತ್ತದೆ ಎಂದು ನೋಡಿ ಸುಮ್ಮನಾಗಬಹುದಿತ್ತು. ಪುಣ್ಯಾತ್ಮರು ತಟ್ಟೆಯ ಅಗಲ, ಬಣ್ಣ, ಸೂರ್ಯನ ಎತ್ತರ, ಎಲ್ಲವನ್ನೂ ಬದಲಿಸಿ ನೋಡಿದರು. ಮೇಲಿರುವ ನಕ್ಷತ್ರ ಸಾಲದೆ ಕೆಳಗಿನ ನೀರೂ ಬೇಕಾಯಿತು! ಸಿಹಿನೀರಿನಲ್ಲಿ ಇಂದು ಬಳಸುವುದು 20 ಸೆಂ.ಮೀ. ಅಗಲದ ಕಪ್ಪು-ಬಿಳುಪಿನ ತಟ್ಟೆ. ಆದರೆ ನದಿಗೆ ಸೆಳವಿದೆ. ತಟ್ಟೆ ಹಗುರವಾದರೆ ಹಗ್ಗ ವಾಲುತ್ತದೆ. ಮೂವತ್ತು ಡಿಗ್ರಿ ವಾಲಿದರೆ ಒಂದು ಮೀಟರ್ ಹಗ್ಗಕ್ಕೆ ನಿಜವಾದ ಆಳ 87 ಸೆಂ.ಮೀ. ಮಾತ್ರ. ಕೆಳಗೆ ಭಾರ ಕಟ್ಟಿ; ತಂಪು ಕನ್ನಡಕ ತೆಗೆದು, ದೋಣಿಯ ನೆರಳಿನ ಬದಿಯಲ್ಲಿ ನೋಡಿ.

ಇನ್ನು ರೇಕ್. ಎರಡು ರೇಕ್ ತಲೆಗಳನ್ನು ಬೆನ್ನಿಗೆ ಬೆನ್ನು ಬೆಸೆದು, ಉದ್ದ ಹಿಡಿಗೆ ಆಳದ ಗುರುತು ಹಾಕಿ. ದೋಣಿಯ ಸುತ್ತ ಆರು ಕಡೆ, ಪ್ರತಿ ಸಲ ತಳದಲ್ಲಿ ಒಂದೂವರೆ ಮೀಟರ್ ಎಳೆಯಿರಿ. ಹಲ್ಲಿನ ಉದ್ದವನ್ನು ಐದು ಪಾಲು ಮಾಡಿ, ಗಿಡ ಎಷ್ಟನೇ ಪಾಲಿನವರೆಗೆ ತುಂಬಿದೆಯೋ ಅಷ್ಟು ಅಂಕ ಕೊಡಿ. ಏನೂ ಬರದಿದ್ದರೆ ಸೊನ್ನೆ. ಹಾಳೆಯ ಚೌಕವನ್ನು ಖಾಲಿ ಬಿಡಬೇಡಿ. ಖಾಲಿ ಬಿಟ್ಟರೆ ಗಿಡ ಇರಲಿಲ್ಲವೋ, ನೀವೇ ಹೋಗಲಿಲ್ಲವೋ, ಚಳಿಗಾಲದಲ್ಲಿ ಲೆಕ್ಕ ಹಾಕುವವರಿಗೆ ತಿಳಿಯುವುದಿಲ್ಲ.

ಸೊನ್ನೆ ಸುಳ್ಳೂ ಹೇಳುತ್ತದೆ. ಒಂದು ಎಳೆತದಲ್ಲಿ ಗಿಡ ಸಿಗುವ ಸಾಧ್ಯತೆ ಅರ್ಧ ಇದ್ದರೆ, ಆರೂ ಸಲ ತಪ್ಪುವುದು 64ರಲ್ಲಿ ಒಮ್ಮೆ. ಹತ್ತರಲ್ಲಿ ಒಂದೇ ಪಾಲು ಸಾಧ್ಯತೆ ಇದ್ದರೆ? ಆರೂ ಸಲ ತಪ್ಪುವ ಸಾಧ್ಯತೆ ಶೇ. 53! ಎಳೆತಗಳು ಒಂದರ ಹಂಗು ಒಂದಕ್ಕಿಲ್ಲ ಎಂದು ಹಿಡಿದರೂ ಇಷ್ಟು; ಗಿಡ ಗುಂಪಾಗಿ ಬೆಳೆದರೆ ಇನ್ನೂ ಕಷ್ಟ. ವಿರಳ ಜಾತಿ "ಅಳಿದಿದೆ" ಎಂದು ಬರೆಯುವ ಮುನ್ನ ಈ ಗುಣಾಕಾರ ಮಾಡಿ.

ಸಿಕ್ಕಿದ್ದೂ ಸುಳ್ಳಾಗಬಹುದು. ಮೇಲಿನಿಂದ ತೇಲಿಬಂದ ತುಂಡು ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ, ಬೇರು ಇದೆಯೇ ನೋಡಿ. ಸೆರಟೊಫಿಲಮ್ ಎಂಬ ಜಲಸಸ್ಯಕ್ಕೆ ಮಾತ್ರ ಈ ನಿಯಮ ಹಚ್ಚಬೇಡಿ, ಅದಕ್ಕೆ ಬೇರೇ ಇಲ್ಲ! ವ್ಯಾಲಿಸ್ನೇರಿಯಾದ ಪಟ್ಟಿಯಂಥ ಎಲೆ ಹಲ್ಲುಗಳ ನಡುವೆ ಜಾರಿಹೋಗುತ್ತದೆ, ಮೇಲೆತ್ತುವಾಗ ರೇಕನ್ನು ಒಂದು ಸುತ್ತು ತಿರುಗಿಸಿ.

ಚೀಟಿ ಬಂತು, ಐದೇ ನಿಮಿಷವಂತೆ. ಪ್ರವಾಹ ಮತ್ತು ಹೂಳಿನ ಸ್ಲೈಡುಗಳನ್ನು ಹಾರಿಸುತ್ತೇನೆ. ನೀರಿನ ಮಟ್ಟ ದಿನದಿನಕ್ಕೆ ಏರಿಳಿಯುವುದರಿಂದ ಆಳದ ಜೊತೆ ಹತ್ತಿರದ ಮಾಪನ ಕೇಂದ್ರದ ಮಟ್ಟವನ್ನೂ ಬರೆಯಿರಿ. ಇಲ್ಲದಿದ್ದರೆ ಎರಡು ವಾರದ ಅಂತರದ ಆಳಗಳನ್ನು ಹೋಲಿಸಲಾಗದು. ಪೊಟಮೊಜೆಟಾನ್ ಎಂಬ ಜಲಸಸ್ಯ ಕುಲದಲ್ಲಿ ಎಲೆ ಕಿರಿದಾದ ಜಾತಿಗಳನ್ನು ದೋಣಿಯಲ್ಲೇ ಹೆಸರಿಸುವ ಧೈರ್ಯ ಬೇಡ, ಮಾದರಿಯನ್ನು ಕಾಗದದ ನಡುವೆ ಒತ್ತಿ ತನ್ನಿ. ಲೈಫ್ ಜಾಕೆಟ್ ಇಲ್ಲದೆ, ಒಬ್ಬರೇ, ಎಂದೂ ಹೋಗಬೇಡಿ. ಇನ್ನೊಂದು ನದಿಗೆ ಹೋಗುವ ಮುನ್ನ ದೋಣಿಯ ನೀರು ಬಸಿದು, ಟ್ರೇಲರ್ ತೊಳೆದು, ಚೆನ್ನಾಗಿ ಒಣಗಿಸಿ. ಹೈಡ್ರಿಲ್ಲಾ ಎಂಬ ಜಲಕಳೆಯ ಒಂದು ಗೆಣ್ಣು ಉಳಿದರೂ ಅಲ್ಲಿ ಚಿಗುರಬಹುದು. ಪ್ರಶ್ನೆಗಳಿದ್ದರೆ ಕೇಳಿ, ಹೂಳಿನ ಬಗ್ಗೆ ಕೇಳಿದರೆ ಹಾರಿಸಿದ ಸ್ಲೈಡುಗಳನ್ನೂ ತೋರಿಸುತ್ತೇನೆ.